ಕಾಳಿನೊಳಗಿನ ಕಬ್ಬಿಣ

ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ಸಜ್ಜೆ ತಾಕುಗಳಿವೆ. ಕಬ್ಬಿಣಾಂಶದ ಪರೀಕ್ಷೆಗೆಂದು ತೆಗೆಯುವ ತೆನೆಗಳಿಗೆ ಮಡಿಯಂಥ ಶಿಸ್ತುಂಟು: ಕೊಯ್ದ ತೆನೆ ನೆಲ ಮುಟ್ಟದೆ ಚೀಲ ಸೇರಬೇಕು, ಒಕ್ಕುವಾಗ ದೂಳು ಕೂಡಬಾರದು. ಕಿಲೋ ಸಜ್ಜೆಯಲ್ಲಿ ಕಬ್ಬಿಣ ಇರುವುದು ಬರೀ ಹತ್ತಾರು ಮಿಲಿಗ್ರಾಂ; ಮಣ್ಣಿನಲ್ಲೋ ಧಾರಾಳ. ಚಿಟಿಕೆ ಮಣ್ಣು ಬೆರೆತರೂ ಸಾಧಾರಣ ತಳಿ ಪೌಷ್ಟಿಕ ತಳಿಯಂತೆ ಕಾಣುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಅಲ್ಯೂಮಿನಿಯಂ ಅನ್ನೂ ಅಳೆಯುತ್ತಾರೆ. ಕಾಳಿನಲ್ಲಿ ಅದು ಅತ್ಯಲ್ಪ, ಮಣ್ಣಿನಲ್ಲಿ ಹೇರಳ. ಅದರ ಪ್ರಮಾಣ ಏರಿದ್ದರೆ ಮಾದರಿಗೆ ಮಣ್ಣು ಸೇರಿದೆ ಎಂದರ್ಥ.

ನಿತ್ಯ ಉಣ್ಣುವ ಧಾನ್ಯದಲ್ಲೇ ಕಬ್ಬಿಣ, ಸತು, ವಿಟಮಿನ್ 'ಎ' ಹೆಚ್ಚಿಸುವ ಸಂಶೋಧನೆಗೆ ಜೈವಿಕ ಸಾರವರ್ಧನೆ ಎನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕಾರಣ ಹಲವು, ಕಬ್ಬಿಣದ ಕೊರತೆ ಅವುಗಳಲ್ಲಿ ದೊಡ್ಡದು. ಮಾತ್ರೆ ನುಂಗುವುದು ಮರೆತೀತು, ರೊಟ್ಟಿ ತಪ್ಪದು ಎಂಬುದೇ ಈ ವಿಜ್ಞಾನಿಗಳ ಲೆಕ್ಕಾಚಾರ.

2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾದ 'ಧನಶಕ್ತಿ' ಸಜ್ಜೆ ಈ ಹಾದಿಯ ಮೈಲಿಗಲ್ಲು. ಅದರ ಮೂಲ ಆಫ್ರಿಕಾದ ಟೋಗೊ ದೇಶದ ನಾಟಿ ಸಜ್ಜೆ. ಕಿಲೋಗೆ ಸುಮಾರು 71 ಮಿಲಿಗ್ರಾಂ ಕಬ್ಬಿಣವಿರುವ ಇದು ಹೈಬ್ರಿಡ್ ಅಲ್ಲವಾದ್ದರಿಂದ ರೈತರು ಬೀಜ ಎತ್ತಿಟ್ಟುಕೊಳ್ಳಬಹುದು. ಕಬ್ಬಿಣಯುಕ್ತ ಸಜ್ಜೆಯ ಸಂಶೋಧನೆಯಲ್ಲಿ ದುಡಿದ ಮಹಾಲಿಂಗಂ ಗೋವಿಂದರಾಜ್ ಅವರಿಗೆ 2022ರಲ್ಲಿ ನಾರ್ಮನ್ ಬೋರ್ಲಾಗ್ ಕ್ಷೇತ್ರ ಪ್ರಶಸ್ತಿ ಸಂದಿತು.

ಕಾಳಿನಲ್ಲಿದ್ದದ್ದು ಮೈಗೆ ಹತ್ತುತ್ತದೆಯೇ? ಸಜ್ಜೆಯಲ್ಲಿರುವ ಫೈಟೇಟ್ ಕಬ್ಬಿಣವನ್ನು ಹೀರಿಕೊಳ್ಳಲು ಅಡ್ಡಿ ಮಾಡುತ್ತದೆ. ಕರ್ನಾಟಕದ ಎರಡು ವರ್ಷ ಪ್ರಾಯದ 40 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಹುಡುಕಿತು. ಸಾದಾ ಸಜ್ಜೆ ತಿಂದ ಮಕ್ಕಳಿಗಿಂತ ಸುಧಾರಿತ ಸಜ್ಜೆ ತಿಂದವರ ದೇಹ ಎರಡು ಪಟ್ಟಿಗೂ ಹೆಚ್ಚು ಕಬ್ಬಿಣ ಹೀರಿಕೊಂಡಿತ್ತು.

ಹೀಗೆ ತಳಿ ವಿಜ್ಞಾನಿ, ರಸಾಯನತಜ್ಞ, ಪೋಷಣಾತಜ್ಞ, ವೈದ್ಯ ಎಲ್ಲರೂ ಕೈಜೋಡಿಸಬೇಕಾದ ಕೆಲಸವಿದು. ಪಿಯುಸಿ ವಿಜ್ಞಾನ ಓದಿದವರು ಸಿಇಟಿ ಮೂಲಕ ಬೆಂಗಳೂರು, ಧಾರವಾಡ, ರಾಯಚೂರಿನಂಥ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬಿ.ಎಸ್ಸಿ. ಕೃಷಿ ಸೇರಬಹುದು. ಮುಂದೆ ತಳಿಶಾಸ್ತ್ರದಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಮಾಡಿ ಕೃಷಿ ಸಂಶೋಧನಾ ಸೇವೆಯ ಪರೀಕ್ಷೆ ಬರೆಯಬಹುದು. ಗೃಹವಿಜ್ಞಾನ, ಆಹಾರ ತಂತ್ರಜ್ಞಾನ ಓದಿದವರಿಗೂ ಇಲ್ಲಿ ಜಾಗವಿದೆ. ತಾಳ್ಮೆ ಮಾತ್ರ ಎಲ್ಲರಿಗೂ ಬೇಕು: ಹೊಸ ತಳಿ ರೈತರ ಕೈಸೇರಲು ಹತ್ತು ವರ್ಷ ಹಿಡಿಯುವುದೂ ಉಂಟು.

ಕಬ್ಬಿಣ ಹೆಚ್ಚಿದೆಯೆಂದು ದಲ್ಲಾಳಿ ಹೆಚ್ಚು ದರ ಕೊಡುವುದಿಲ್ಲ. ಇಳುವರಿ ತಗ್ಗಿದರೆ ರೈತ ಆ ಬೀಜವನ್ನು ಮುಟ್ಟುವುದಿಲ್ಲ. ಈ ಬಿಕ್ಕಟ್ಟಿಗೆ ಒಂದು ಪರಿಹಾರ 2018ರಲ್ಲಿ ಬಂತು. ಬಿಡುಗಡೆಯಾಗುವ ಸಜ್ಜೆ ತಳಿಗಳಲ್ಲಿ ಕಿಲೋಗೆ ಕನಿಷ್ಠ 42 ಮಿಲಿಗ್ರಾಂ ಕಬ್ಬಿಣ, 32 ಮಿಲಿಗ್ರಾಂ ಸತು ಇರಲೇಬೇಕೆಂದು ಅಖಿಲ ಭಾರತ ಸಜ್ಜೆ ಸಂಶೋಧನಾ ಯೋಜನೆ ನಿಗದಿ ಮಾಡಿತು. ಅಂದರೆ ಪೌಷ್ಟಿಕತೆ ಈಗ ಪ್ರತಿ ಸಜ್ಜೆ ತಳಿ ವಿಜ್ಞಾನಿಯ ಹೊಣೆ. ಬೀಸಿದ ಕೆಲವೇ ದಿನಗಳಲ್ಲಿ ಕಮಟು ಹಿಡಿಯುವ ಹಿಟ್ಟು, ಕಬ್ಬಿಣಕ್ಕೆ ಅಡ್ಡಗಾಲಾಗುವ ಫೈಟೇಟ್ ಇನ್ನೂ ಕಾಡುತ್ತಿವೆ. ಈಗ ಕೃಷಿ ಕಾಲೇಜಿನ ಮೆಟ್ಟಿಲೇರುವವರಿಗೆ ಕೈತುಂಬ ಕೆಲಸವಿದೆ.