ಹಂದಿಗೋಡು ಕಾಯಿಲೆ: ಔಷಧಿ ಇಲ್ಲ, ಆದರೆ ಆರೈಕೆಗೆ ದಾರಿಯಿದೆ

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಸಮೀಪವಿರುವ ಹಂದಿಗೋಡು ಗ್ರಾಮದ ಹೆಸರು ವೈದ್ಯಕೀಯ ಲೋಕದಲ್ಲಿ ಒಂದು ರೋಗದ ಹೆಸರಾಗಿ ಉಳಿದುಬಿಟ್ಟಿದೆ. 1970ರ ದಶಕದ ಮಧ್ಯಭಾಗದಲ್ಲಿ ಇಲ್ಲಿನ ಕೃಷಿ ಕೂಲಿಕಾರರ ಕುಟುಂಬಗಳಲ್ಲಿ ಸೊಂಟ ಮತ್ತು ಮಂಡಿಯ ತೀವ್ರ ನೋವು, ಓಲಾಡುವ ನಡಿಗೆ, ಕೆಲವರಲ್ಲಿ ಕುಬ್ಜತೆ ಕಂಡುಬಂದಾಗ ಅದು ವೈದ್ಯರ ಗಮನ ಸೆಳೆಯಿತು. ಮುಂದೆ ಶಿವಮೊಗ್ಗ ಹಾಗೂ ಚಿಕ್ಕಮಗಳೂರು ಜಿಲ್ಲೆಗಳ ಇತರ ಗ್ರಾಮಗಳಲ್ಲಿಯೂ ಇಂತಹ ರೋಗಿಗಳು ಪತ್ತೆಯಾದರು. ಅರ್ಧ ಶತಮಾನ ಕಳೆದರೂ ಈ ಕಾಯಿಲೆಯನ್ನು ಗುಣಪಡಿಸುವ ಔಷಧಿ ಇಲ್ಲ. ಆದರೆ ‘ಔಷಧಿ ಇಲ್ಲ’ ಎಂಬುದನ್ನು ‘ಮಾಡಲು ಏನೂ ಇಲ್ಲ’ ಎಂದು ಅರ್ಥೈಸುವುದು ರೋಗಿಗೆ ಬಗೆಯುವ ಅನ್ಯಾಯವೇ ಸರಿ.

ಏನಿದು ಕಾಯಿಲೆ?

ಮಕ್ಕಳ ಉದ್ದ ಮೂಳೆಗಳು ಬೆಳೆಯುವುದು ಅವುಗಳ ತುದಿಗಳ ಬಳಿ ಇರುವ ಮೃದ್ವಸ್ಥಿಯ ಮೂಲಕ. ಹಂದಿಗೋಡು ಕಾಯಿಲೆಯಲ್ಲಿ ಈ ಬೆಳವಣಿಗೆಯೇ ಏರುಪೇರಾಗುತ್ತದೆ. ಬಟ್ಟಲಿನಂತಹ ಸೊಂಟದ ಕುಳಿಯಲ್ಲಿ ಚೆಂಡಿನಂತೆ ಸರಾಗವಾಗಿ ತಿರುಗಬೇಕಾದ ತೊಡೆಮೂಳೆಯ ತಲೆ ವಿಕಾರಗೊಳ್ಳುತ್ತದೆ. ಹೊಂದಾಣಿಕೆಯಿಲ್ಲದ ಕೀಲು ಬೇಗ ಸವೆಯುತ್ತದೆ. ವೃದ್ಧಾಪ್ಯದಲ್ಲಿ ಬರಬೇಕಾದ ಸಂಧಿವಾತ ಯೌವನದಲ್ಲಿಯೇ ಕಾಲು ಹಿಡಿಯುತ್ತದೆ.

ರೋಗದ ಸ್ವರೂಪ ಎಲ್ಲರಲ್ಲಿಯೂ ಒಂದೇ ಅಲ್ಲ. ವೈದ್ಯರು ಇದನ್ನು ಮೂರು ಬಗೆಯಾಗಿ ಗುರುತಿಸಿದ್ದಾರೆ. ಮೊದಲನೆಯ ಬಗೆಯಲ್ಲಿ ಎತ್ತರ ಸಹಜವಾಗಿದ್ದು ಮುಖ್ಯವಾಗಿ ಸೊಂಟದ ಕೀಲು ಹಾಳಾಗಿರುತ್ತದೆ. ಎರಡನೆಯದರಲ್ಲಿ ಬೆನ್ನುಮೂಳೆಯ ಮಣಿಗಳೂ ಚಪ್ಪಟೆಯಾಗಿ ಮುಂಡ ಗಿಡ್ಡವಾಗುತ್ತದೆ. ಮೂರನೆಯದರಲ್ಲಿ ಕುಬ್ಜತೆ ಎದ್ದು ಕಾಣುತ್ತದೆ. ಒಂದೇ ಮನೆಯಲ್ಲಿ ಒಬ್ಬರು ಕುಂಟುತ್ತಾ ದುಡಿಯುತ್ತಿದ್ದರೆ ಮತ್ತೊಬ್ಬರು ಎದ್ದು ನಿಲ್ಲಲಾರದ ಸ್ಥಿತಿಯಲ್ಲಿರಬಹುದು.

ಏಡಿಯ ಮೇಲಿನ ಅಪವಾದ

ಆರಂಭದಲ್ಲಿ ಸಂಶಯ ಹೋದದ್ದು ಬಡವರ ತಟ್ಟೆಯ ಮೇಲೆ. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿಯನ್ನು ತಿಂದದ್ದೇ ರೋಗಕ್ಕೆ ಕಾರಣ ಎಂಬ ಮಾತು ಹಬ್ಬಿತು. ಆದರೆ ಕುಟುಂಬಗಳ ವಂಶಾವಳಿಯನ್ನು ಕಲೆಹಾಕಿ ನೋಡಿದಾಗ ರೋಗ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿರುವುದು, ಗಂಡು ಹೆಣ್ಣೆಂಬ ಭೇದವಿಲ್ಲದೆ ಬರುತ್ತಿರುವುದು ಸ್ಪಷ್ಟವಾಯಿತು. ಇದು ಪ್ರಬಲ ವಂಶವಾಹಿಯ ಮೂಲಕ ಬರುವ ರೋಗ ಎಂಬ ನಿರ್ಣಯಕ್ಕೆ ತಜ್ಞರು ಬಂದರು.

ಇದರ ಅರ್ಥ ಸರಳ. ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರಿಗೆ ರೋಗವಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ಮೊದಲ ಮಗುವಿಗೆ ಬಂತೆಂದ ಮಾತ್ರಕ್ಕೆ ಎರಡನೆಯದು ಪಾರಾಗುತ್ತದೆ ಎಂದಲ್ಲ. ಇಬ್ಬರಿಗೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಸೀಮಿತ ಬಳಗದೊಳಗೇ ವಿವಾಹ ಸಂಬಂಧಗಳು ನಡೆಯುತ್ತಾ ಬಂದಲ್ಲಿ ಇಂತಹ ವಂಶವಾಹಿ ಆ ಬಳಗದಲ್ಲಿಯೇ ಉಳಿಯುತ್ತದೆ. ಇದು ಸ್ಪರ್ಶದಿಂದಾಗಲಿ, ಸಹಪಂಕ್ತಿ ಭೋಜನದಿಂದಾಗಲಿ ಹರಡುವುದಿಲ್ಲ. ಶಾಪವಂತೂ ಅಲ್ಲ.

ದಿನದಿನದ ಆರೈಕೆ

ಚಿಕಿತ್ಸೆಯ ಮೊದಲ ಗುರಿ ನೋವಿನ ನಿಯಂತ್ರಣ. ಇಲ್ಲಿ ಎಚ್ಚರಿಕೆಯೂ ಅಗತ್ಯ. ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಹಾನಿಯಾಗಬಹುದು. ವೈದ್ಯರ ಸಲಹೆ, ಆಗಾಗ ರಕ್ತಪರೀಕ್ಷೆ ಇಲ್ಲದೆ ಇವುಗಳನ್ನು ಸೇವಿಸಬಾರದು.

ಎರಡನೆಯದು ಫಿಸಿಯೋಥೆರಪಿ. ಸೊಂಟ ಮತ್ತು ತೊಡೆಯ ಸ್ನಾಯುಗಳು ಬಲವಾಗಿದ್ದಷ್ಟೂ ಕೀಲಿನ ಮೇಲಿನ ಹೊರೆ ಕಡಿಮೆ. ನೋವೆಂದು ಸದಾ ಮಲಗಿದರೆ ಸ್ನಾಯು ಸೊರಗಿ, ಕೀಲು ಬಿಗಿದುಕೊಳ್ಳುತ್ತದೆ. ಊರುಗೋಲನ್ನು ಹೆಚ್ಚು ನೋಯುವ ಕಾಲಿನ ವಿರುದ್ಧ ದಿಕ್ಕಿನ ಕೈಯಲ್ಲಿ ಹಿಡಿಯಬೇಕು. ಈ ಸಣ್ಣ ತಿಳಿವಳಿಕೆಯೇ ನಡಿಗೆಯನ್ನು ಹಗುರಗೊಳಿಸಬಲ್ಲದು. ತೂಕ ಹೆಚ್ಚದಂತೆ ನೋಡಿಕೊಳ್ಳುವುದೂ ಮುಖ್ಯ.

ಮನೆಯ ವ್ಯವಸ್ಥೆಯೂ ಆರೈಕೆಯ ಭಾಗವೇ. ಕುಕ್ಕರಗಾಲಿನಲ್ಲಿ ಕೂರಲಾಗದವರಿಗೆ ಕಮೋಡ್ ಮತ್ತು ಗೋಡೆಯ ಹಿಡಿಕೆ ಭೋಗವಲ್ಲ, ಮಾನದ ಪ್ರಶ್ನೆ. ಬಗ್ಗಿ ನಾಟಿ ಮಾಡಲಾಗದ ಕೂಲಿಕಾರನಿಗೆ ಕುಳಿತು ಮಾಡುವ ಉದ್ಯೋಗ ಮಾತ್ರೆಯಷ್ಟೇ ಅಗತ್ಯ. ಕೀಲು ತೀರಾ ಹಾಳಾದವರಿಗೆ ಕೃತಕ ಸೊಂಟದ ಕೀಲು ಅಳವಡಿಸುವ ಶಸ್ತ್ರಚಿಕಿತ್ಸೆ ನೋವಿನಿಂದ ಮುಕ್ತಿ ನೀಡಬಲ್ಲದು. ಆದರೆ ಮೂಳೆಯ ಆಕಾರವೇ ವಿಕೃತವಾಗಿರುವುದರಿಂದ ಅನುಭವಿ ಶಸ್ತ್ರಚಿಕಿತ್ಸಕರು ಬೇಕು. ಕೃತಕ ಕೀಲೂ ಕಾಲಕ್ರಮದಲ್ಲಿ ಸವೆಯುವುದರಿಂದ ಯುವಕರಿಗೆ ಮುಂದೆ ಮರುಶಸ್ತ್ರಚಿಕಿತ್ಸೆ ಬೇಕಾಗಬಹುದು.

ಕಾನೂನಿನ ಆಸರೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಚಲನ ವೈಕಲ್ಯದ ಅಡಿಯಲ್ಲಿ ಕುಬ್ಜತೆಯೂ ಸೇರಿದ್ದು, ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಮಾನದಂಡವಾಗಿ ಇರಿಸಲಾಗಿದೆ. ಎತ್ತರ ಸಹಜವಾಗಿದ್ದು ನಡೆಯಲಾಗದವರೂ ಚಲನ ವೈಕಲ್ಯದಡಿ ಅರ್ಹರು. ವೈಕಲ್ಯ ಶೇ 40ಕ್ಕಿಂತ ಕಡಿಮೆಯಿಲ್ಲವೆಂದು ಪ್ರಮಾಣೀಕರಿಸಲ್ಪಟ್ಟವರಿಗೆ ಸರ್ಕಾರಿ ಉದ್ಯೋಗದಲ್ಲಿ ಕನಿಷ್ಠ ಶೇ 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಮೀಸಲಾತಿಯಿದೆ. 6ರಿಂದ 18 ವರ್ಷದ ಇಂತಹ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕಾಗಿದೆ. ಈ ಎಲ್ಲ ಸೌಲಭ್ಯಗಳಿಗೂ ಪ್ರಮಾಣಪತ್ರವೇ ಹೆಬ್ಬಾಗಿಲು. ಆದರೆ ನಡೆಯಲಾರದವನನ್ನು ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಅಲೆಸಿದರೆ ಆ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ.

ಮದುವೆ, ಮಕ್ಕಳ ಕುರಿತ ನಿರ್ಧಾರಕ್ಕೆ ಮುನ್ನ ಅನುವಂಶಿಕ ಸಮಾಲೋಚನೆ ಪಡೆಯುವುದು ಒಳಿತು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂತಹ ಸಂಸ್ಥೆಗಳು ಅನುವಂಶಿಕ ರೋಗಗಳ ಕ್ಷೇತ್ರದಲ್ಲಿ ಕಾರ್ಯನಿರತವಾಗಿವೆ. ಸಮಾಲೋಚನೆಯ ಉದ್ದೇಶ ಮದುವೆ ಬೇಡವೆನ್ನುವುದಲ್ಲ, ತಿಳಿದು ನಿರ್ಧರಿಸುವ ಅವಕಾಶ ಕೊಡುವುದು.

ರೋಗದ ಕಾರಣ ಅರಿಯುವ ಕೆಲಸ ಪ್ರಯೋಗಾಲಯದ್ದು. ಆದರೆ ಬೆಳಿಗ್ಗೆ ಹಾಸಿಗೆಯಿಂದ ಏಳಲು ಕಷ್ಟಪಡುವ ವ್ಯಕ್ತಿಗೆ ಬೇಕಾದದ್ದು ಮನೆಗೆ ಹತ್ತಿರದಲ್ಲಿ ಒಬ್ಬ ವೈದ್ಯ, ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಸ್ಟ್, ಅಳತೆಗೆ ಹೊಂದುವ ಊರುಗೋಲು ಮತ್ತು ಸಕಾಲಕ್ಕೆ ಕೈಸೇರುವ ಮಾಸಾಶನ. ಇವುಗಳನ್ನು ಒದಗಿಸಲು ಹೊಸ ಸಂಶೋಧನೆಗಾಗಿ ಕಾಯಬೇಕಿಲ್ಲ.