ಎರಡು ಬೀಗದ ಕೈಗಳು

ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈಗಳಿರುವುದನ್ನು ಓದುಗರಲ್ಲಿ ಅನೇಕರು ಬಲ್ಲರು. ಒಂದು ಕ್ಯಾಷಿಯರರ ಬಳಿ, ಇನ್ನೊಂದು ಮೇಲಧಿಕಾರಿಯ ಬಳಿ. ಇಬ್ಬರೂ ಕೂಡಿ ಬಂದು ನಿಲ್ಲದೆ ಬಾಗಿಲು ತೆರೆಯದು. ಕಳ್ಳನಿಗೆ ಇದು ಅಡ್ಡಿಯಾದರೆ ಪ್ರಾಮಾಣಿಕನಿಗೆ ರಕ್ಷಣೆ. ನಾಳೆ ಹಣ ಕಡಮೆ ಬಿದ್ದರೆ ಒಬ್ಬನೇ ಬೆರಳಿಗೆ ಗುರಿಯಾಗುವಂತಿಲ್ಲ.

ಲೆಕ್ಕದ ಪುಸ್ತಕಗಳು ಗಣಕಯಂತ್ರವನ್ನು ಹೊಕ್ಕ ಮೇಲೆ ಈ ಬೀಗದ ಕೈಗಳೂ ಅದರೊಳಗೇ ಹೊಕ್ಕವು. ಯಾರು ಲೆಕ್ಕವನ್ನು ನೋಡಬಹುದು, ಯಾರು ಬರೆಯಬಹುದು, ಯಾರು ಒಪ್ಪಿಗೆ ಹಾಕಬಹುದು ಎಂಬುದನ್ನು ಯಂತ್ರಕ್ಕೆ ಮೊದಲೇ ತಿಳಿಸಿರಬೇಕು. ಈ ಅಧಿಕಾರವನ್ನು ವ್ಯಕ್ತಿಯನ್ನು ನೋಡಿ ಕೊಡದೆ ಹುದ್ದೆಯನ್ನು ನೋಡಿ ಕೊಡುವ ಪದ್ಧತಿಗೆ 1992ರಲ್ಲಿ ಅಮೆರಿಕದ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕೂನ್ ಎಂಬುವರು ಶಾಸ್ತ್ರೀಯ ರೂಪ ಕೊಟ್ಟರು. ಗುಮಾಸ್ತನಿಗೆ ವರ್ಗವಾದರೆ ಹಳೆಯ ಹುದ್ದೆಯ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ.

ಅದೇ 1992ರಲ್ಲಿ ಸಿಂಗಾಪುರದಲ್ಲಿ ಇದಕ್ಕೆ ತದ್ವಿರುದ್ಧವಾದ ಕಥೆಯೊಂದು ಆರಂಭವಾಯಿತು. ಲಂಡನ್ನಿನ ಬೇರಿಂಗ್ಸ್ ಬ್ಯಾಂಕು 1762ರಲ್ಲಿ ಹುಟ್ಟಿದ ಪ್ರತಿಷ್ಠಿತ ಸಂಸ್ಥೆ. ಅದರ ಸಿಂಗಾಪುರ ಕಚೇರಿಯಲ್ಲಿ ನಿಕ್ ಲೀಸನ್ ಎಂಬ ತರುಣನಿಗೆ ವಾಯಿದೆ ಪೇಟೆಯಲ್ಲಿ ವ್ಯಾಪಾರ ಮಾಡುವ ಕೆಲಸವನ್ನೂ, ಆ ವ್ಯಾಪಾರದ ಲೆಕ್ಕವನ್ನು ತಾಳೆ ನೋಡಿ ಚುಕ್ತಾ ಮಾಡುವ ಕೆಲಸವನ್ನೂ ಒಟ್ಟಿಗೇ ಒಪ್ಪಿಸಿದ್ದರು. ಎರಡು ಕೈಗಳೂ ಒಬ್ಬನ ಜೇಬಿನಲ್ಲಿ! ಆತನು 88888 ಎಂಬ ಸಂಖ್ಯೆಯ ಖಾತೆಯೊಂದನ್ನು ತೆರೆದು ನಷ್ಟಗಳನ್ನು ಅದರಲ್ಲಿ ಬಚ್ಚಿಟ್ಟನು. ಲಂಡನ್ನಿಗೆ ಹೋಗುವ ಹೆಚ್ಚಿನ ವರದಿಗಳಲ್ಲಿ ಆ ಖಾತೆ ಕಾಣದಂತೆ ಗಣಕದ ತಂತ್ರಾಂಶವನ್ನೂ ತಿದ್ದಿಸಿದನು. 1994ರಲ್ಲಿ ಬ್ಯಾಂಕಿನ ಸ್ವಂತ ಲೆಕ್ಕ ಪರಿಶೋಧಕರೇ ಈ ಎರಡು ಕೆಲಸಗಳನ್ನು ಬೇರ್ಪಡಿಸಬೇಕೆಂದು ಬರೆದರು. ಆದರೆ ಲಾಭ ತರುತ್ತಿರುವಂತೆ ಕಾಣುವ ಹುಡುಗನನ್ನು ಕೆಣಕುವವರಾರು? 1995ರ ಫೆಬ್ರವರಿಯಲ್ಲಿ 80 ಕೋಟಿ ಪೌಂಡುಗಳಿಗೂ ಮೀರಿದ ನಷ್ಟ ಬಯಲಾಯಿತು. ಮರುತಿಂಗಳಲ್ಲಿ ಆ ಹಳೆಯ ಬ್ಯಾಂಕು ಡಚ್ ಸಂಸ್ಥೆಯೊಂದಕ್ಕೆ ಒಂದು ಪೌಂಡಿಗೆ ಮಾರಾಟವಾಯಿತು.

ಸಿಂಗಾಪುರ ದೂರವಾಯಿತೆನ್ನುವವರು ನಮ್ಮ ಪೇಟೆಯನ್ನೇ ನೋಡಬಹುದು. ಎಷ್ಟೋ ಅಂಗಡಿಗಳು ಲೆಕ್ಕ ಬರೆಯುವ ಟ್ಯಾಲಿ ಬೆಂಗಳೂರಿನ ಸಂಸ್ಥೆಯೊಂದರ ಕೃತಿ. ಅದರಲ್ಲಿ ಯಜಮಾನನಿಗೆ ಒಂದು ಬಗೆಯ ಅಧಿಕಾರ, ವೋಚರು ಬರೆಯುವ ಗುಮಾಸ್ತನಿಗೆ ಇನ್ನೊಂದು ಬಗೆ. ಗುಮಾಸ್ತನು ಎಷ್ಟು ದಿನ ಹಿಂದಿನ ತಾರೀಖಿಗೆ ವೋಚರು ಬರೆಯಬಹುದೆಂಬುದಕ್ಕೂ ಮಿತಿ ಹಾಕಿಡಬಹುದು. ಕಂಪನಿಗಳಾದರೆ, 2023ರ ಏಪ್ರಿಲ್ 1ರಿಂದ, ಲೆಕ್ಕದ ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕೆಂದು ನಿಯಮವಿದೆ.

ಇಷ್ಟೆಲ್ಲ ಇದ್ದೂ, ಊಟಕ್ಕೆಂದು ಮನೆಗೆ ಹೋದ ಯಜಮಾನರು, ಗಿರಾಕಿ ಕಾಯುತ್ತಿದ್ದಾನೆಂದು ಗುಮಾಸ್ತನ ಫೋನು ಬಂದೊಡನೆ, “ನನ್ನ ಪಾಸ್‌ವರ್ಡೇ ಹಾಕಿಬಿಡಪ್ಪ” ಎಂದುಬಿಡುತ್ತಾರೆ. ಸಂಜೆಯ ಹೊತ್ತಿಗೆ ಅದು ಅಂಗಡಿಯವರಿಗೆಲ್ಲ ಬಾಯಿಪಾಠ. ವರ್ಷದ ಕೊನೆಯಲ್ಲಿ ಲೆಕ್ಕ ತಾಳೆಯಾಗದೆ ಆಡಿಟರು ತಿದ್ದುಪಡಿಗಳ ಪಟ್ಟಿಯನ್ನು ತೆಗೆಸಿ ನೋಡಿದರೆ, ಸಾಲುಸಾಲಾಗಿ ಪ್ರತಿಯೊಂದರ ಮುಂದೆಯೂ ಯಜಮಾನರದೇ ಹೆಸರು!