ಕಂಪನಿ ಹೊಸದಾದರೆ ಹೊಣೆ ತಪ್ಪೀತೇ?

ಕ್ಯಾಂಪಸ್ ಸಂದರ್ಶನಕ್ಕೆ ಓದುವಾಗ ಜನರಲ್ ಮೋಟಾರ್ಸ್ ಕಥೆ ಕಣ್ಣಿಗೆ ಬಿತ್ತು. 2009ರಲ್ಲಿ ದಿವಾಳಿಯಾದ ಆ ಕಂಪನಿಯನ್ನು ಅಮೆರಿಕ ಸರ್ಕಾರ ಸುಮಾರು 5,000 ಕೋಟಿ ಡಾಲರ್ ಕೊಟ್ಟು ಉಳಿಸಿತು. ಉದ್ಯೋಗಗಳು ಉಳಿದವಲ್ಲ ಎಂದು ಖುಷಿಪಟ್ಟೆ.

ಆದರೆ ಅದರ ಕೆಲವು ಕಾರುಗಳ ಇಗ್ನಿಷನ್ ಸ್ವಿಚ್ ಸಡಿಲವಾಗಿತ್ತು. ಓಡುವಾಗಲೇ ಕೀ ಜಾರಿ ಎಂಜಿನ್ ಆಫ್ ಆಗುತ್ತಿತ್ತು. ಡಿಕ್ಕಿಯಾದರೆ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಒಳಗಿನವರಿಗೆ ವರ್ಷಗಳಿಂದ ಗೊತ್ತಿದ್ದರೂ ಕಾರುಗಳನ್ನು ವಾಪಸ್ ಕರೆದದ್ದು 2014ರಲ್ಲಿ. ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು. ದಿವಾಳಿಗೆ ಮುಂಚಿನ ತಪ್ಪು 'ಹಳೆಯ ಕಂಪನಿ'ಯದು ಎಂಬ ವಾದವನ್ನು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ.

ಸ್ವಿಚ್ ಬದಲಿಸಿದ ಎಂಜಿನಿಯರ್ ಬಿಡಿಭಾಗದ ಸಂಖ್ಯೆಯನ್ನು ಮಾತ್ರ ಬದಲಿಸಿರಲಿಲ್ಲ. ನಾಳೆ ಆ ಕುರ್ಚಿಯಲ್ಲಿ ನಾನೇ ಕೂರಬಹುದು. ಕೆಲಸ ಹೋದೀತೆಂದು ಸುಮ್ಮನಿರುತ್ತೇನೆಯೇ? ಸಂದರ್ಶನದಲ್ಲಿ ಯಾರೂ ಕೇಳದ ಈ ಪ್ರಶ್ನೆಗೆ ಈಗಲೇ ಉತ್ತರ ಹುಡುಕಿಕೊಳ್ಳಬೇಕಿದೆ.